ಪಿನ್‌ಬಾಲ್ ಕೂಟ ನಡೆಸುವವರಿಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಗಾಜಿನಡಿಯ ಇಳಿಜಾರು ಹಲಗೆಯಲ್ಲಿ ಉಕ್ಕಿನ ಚೆಂಡು ಜಾರಿಹೋಗದಂತೆ ಬಟನ್ ಒತ್ತಿ ಹೊಡೆಯುತ್ತಾ ಅಂಕ ಗಳಿಸುವ ಯಂತ್ರದಾಟ ಪಿನ್‌ಬಾಲ್. ಅದನ್ನು ಒಬ್ಬರೇ ಆಡಬಹುದು. ಆದರೆ ಯಂತ್ರದ ಮುಂದೆ ನಾಲ್ಕು ಜನ ಸೇರಿ, ಒಬ್ಬರ ಚೆಂಡು ಜಾರಿದಾಗ ಮೂವರು ‘ಅಯ್ಯೋ’ ಎಂದಾಗಲೇ ಆ ಆಟಕ್ಕೆ ಕಳೆ. ಕೂಟ ಕರೆಯುವ ಆಸೆಯಿದ್ದೂ ಹಿಂಜರಿಯುತ್ತಿರುವವರು, ಕರೆದು ಸುಸ್ತಾದವರು, ತಮ್ಮ ಯಂತ್ರ ಕೊಡಲು ಅಳುಕುವವರು ಬರೆದ ಪ್ರಶ್ನೆಗಳಿಗೆ ಈ ಬಾರಿಯ ಅಂಕಣ ಮೀಸಲು. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ಮನೆಯಲ್ಲಿ ಮೂರು ಯಂತ್ರಗಳಿವೆ. ಮೊದಲ ಸಲ ಕೂಟ ಕರೆಯುತ್ತಿದ್ದೇನೆ. ಎಷ್ಟು ಜನರನ್ನು ಕರೆಯಲಿ? ಎಲ್ಲರಿಗೂ ಆಟ ಸಿಗುವಂತೆ ನೋಡಿಕೊಳ್ಳುವುದು ಹೇಗೆ?

ಒಂಬತ್ತು ಜನರನ್ನು ಕರೆಯಿರಿ. ಹನ್ನೆರಡು ದಾಟಬೇಡಿ.

ಒಂದು ಆಟಕ್ಕೆ ನಾಲ್ವರವರೆಗೆ ಸೇರಿಕೊಳ್ಳಬಹುದು. ಹಾಗಾಗಿ ಮೂರು ಯಂತ್ರಕ್ಕೆ ಹನ್ನೆರಡು ಜನ ಎಂಬುದು ಕಾಗದದ ಮೇಲಿನ ಲೆಕ್ಕ. ನಾಲ್ವರು ತಲಾ ಮೂರು ಚೆಂಡು ಆಡಿ ಮುಗಿಸಲು ಈಗಿನ ಯಂತ್ರಗಳಲ್ಲಿ 20ರಿಂದ 30 ನಿಮಿಷ ಬೇಕು. ಅದರಲ್ಲಿ ಒಬ್ಬೊಬ್ಬರ ಕೈಗೆ ಫ್ಲಿಪ್ಪರ್ (ಚೆಂಡನ್ನು ಮೇಲಕ್ಕೆ ಹೊಡೆಯುವ ಪುಟ್ಟ ಕೋಲು) ಸಿಗುವುದು ಐದಾರು ನಿಮಿಷ ಮಾತ್ರ. ಮೂವರ ಗುಂಪಿನಲ್ಲಿ ಕಾಯುವ ಹೊತ್ತು ಹರಟೆಗೆ ಹಿತವಾಗಿರುತ್ತದೆ, ನಾಲ್ವರಾದರೆ ಸಹಿಸಿಕೊಳ್ಳಬಹುದು. ಐದನೆಯವರಿಗೆ ಮಾತ್ರ ಹಿಂದೆ ನಿಂತು ನೋಡುವುದಷ್ಟೇ ಉಳಿಯುತ್ತದೆ, ಅಂಥವರು ಮತ್ತೊಮ್ಮೆ ಬರುವುದಿಲ್ಲ. ಇನ್ನೊಂದು ಮಾತು: ಮೂರರಲ್ಲಿ ಒಂದು ಯಂತ್ರ ಆ ದಿನ ಕೈಕೊಡುತ್ತದೆ ಎಂದೇ ಎಣಿಸಿಕೊಳ್ಳಿ. ಒಂಬತ್ತು ಜನರಿದ್ದರೆ ಉಳಿದ ಎರಡರಲ್ಲೂ ಸಂಜೆ ಕಳೆಯಬಹುದು, ಹದಿನಾಲ್ಕು ಜನರಿದ್ದರೆ ಆಗದು.

ಜಾಗದ ಅಳತೆ ಮೊದಲೇ ಹಿಡಿಯಿರಿ. ಮಾಮೂಲಿ ಯಂತ್ರದ ಉದ್ದ ಸುಮಾರು 140 ಸೆಂ.ಮೀ., ಬ್ಯಾಕ್‌ಬಾಕ್ಸ್ (ಅಂಕ ತೋರಿಸುವ ಹಿಂದಿನ ಎತ್ತರದ ಪೆಟ್ಟಿಗೆ) ಇರುವಲ್ಲಿ ಅಗಲ ಸುಮಾರು 70 ಸೆಂ.ಮೀ., ಎತ್ತರ 190 ಸೆಂ.ಮೀ.ಗಿಂತ ತುಸು ಹೆಚ್ಚು. ಅಕ್ಕಪಕ್ಕದ ಯಂತ್ರಗಳ ನಡುಗೆರೆಯಿಂದ ನಡುಗೆರೆಗೆ 80 ಸೆಂ.ಮೀ. ಬಿಡಿ, ಇಲ್ಲವಾದರೆ ಆಡುವವರ ಮೊಣಕೈ ತಾಗುತ್ತದೆ. ಆಟಗಾರ ನಿಲ್ಲುವ ಜಾಗ, ಅವರ ಹಿಂದೆ ಒಬ್ಬರು ದಾಟಿ ಹೋಗುವ ಜಾಗ ಸೇರಿ ಯಂತ್ರದ ಮುಂದೆ ಒಂದೂವರೆ ಮೀಟರ್ ಖಾಲಿ ಇರಲಿ. ಲೋಟ ಇಡಲು ಯಂತ್ರದಿಂದ ದೂರದಲ್ಲಿ ಒಂದು ಮೇಜು ಬೇಕೇ ಬೇಕು. ಮೇಜಿಲ್ಲದಿದ್ದರೆ ಲೋಟ ಗಾಜಿನ ಮೇಲೆ ಕೂರುತ್ತದೆ. ಚೆಲ್ಲಿದ ನೀರು ಗಾಜಿನ ಮುಂದಂಚಿನ ಲೋಹದ ಪಟ್ಟಿ ಲಾಕ್‌ಬಾರ್‌ನ ಸಂದಿನಿಂದ ಇಳಿದು ಕಾಯಿನ್ ಡೋರ್ (ಮುಂದಿನ ನಾಣ್ಯದ ಬಾಗಿಲು) ಬಳಿಯ ವೈರುಗಳ ಮೇಲೆ ಬೀಳುತ್ತದೆ.

ಸೆಟ್ಟಿಂಗ್ ವಿಷಯ. ಮೆನುವಿನಲ್ಲಿ ಫ್ರೀ ಪ್ಲೇ (ನಾಣ್ಯವಿಲ್ಲದ ಆಟ) ಹಾಕಿ, ಚೆಂಡುಗಳ ಸಂಖ್ಯೆ ಮೂರಕ್ಕೆ ಇಡಿ, ಎಕ್ಸ್‌ಟ್ರಾ ಬಾಲ್ ಮಿತಿಯನ್ನು ಸೊನ್ನೆ ಮಾಡಿ. ಕೈಪಳಗಿದ ಒಬ್ಬರು ಎಕ್ಸ್‌ಟ್ರಾ ಬಾಲ್ ಗೆಲ್ಲುತ್ತಾ ಹೋದರೆ ಉಳಿದ ಮೂವರು ಕಾಲು ಗಂಟೆ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಹೊಸಬರು ಹೆಚ್ಚಿದ್ದರೆ ಬೇಗ ಜಾರಿದ ಚೆಂಡನ್ನು ಮರಳಿ ಕೊಡುವ ಬಾಲ್ ಸೇವ್‌ನ ಸಮಯವನ್ನು 15 ಸೆಕೆಂಡಿಗೆ ಏರಿಸಿ. ಮೊದಲ ಹೊಡೆತಕ್ಕೇ ಚೆಂಡು ಕಳೆದುಕೊಂಡವರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಮೊದಲ ಮುಕ್ಕಾಲು ಗಂಟೆ ಯಾವ ಏರ್ಪಾಟೂ ಬೇಡ, ಬಂದವರು ಬಂದಂತೆ ಆಡಲಿ. ಆಮೇಲೆ ಚೀಟಿ ಎತ್ತಿ ಮೂವರು ಮೂವರ ಗುಂಪು ಮಾಡಿ, ಪ್ರತಿ ಆಟಕ್ಕೂ ಗುಂಪು ಬದಲಿಸಿ. ಹೀಗೆ ಮಾಡದಿದ್ದರೆ ಪರಿಚಯವಿರುವವರೇ ಒಂದು ಯಂತ್ರದ ಸುತ್ತ ಅಂಟಿಕೊಳ್ಳುತ್ತಾರೆ. ಯಂತ್ರ ಕಡಿಮೆಯಾಯಿತು ಎನಿಸಿದರೆ ಜೋಡಿ ಆಟ ಆಡಿಸಿ. ಎಡ ಫ್ಲಿಪ್ಪರ್ ಒಬ್ಬರಿಗೆ, ಬಲದ್ದು ಇನ್ನೊಬ್ಬರಿಗೆ. ಇಬ್ಬರೂ ಬಾಯಿಬಿಟ್ಟು ಮಾತಾಡದೆ ಆ ಆಟ ಸಾಗುವುದೇ ಇಲ್ಲ, ಹಾಗಾಗಿ ಅಪರಿಚಿತರನ್ನು ಹತ್ತಿರ ತರಲು ಇದಕ್ಕಿಂತ ಒಳ್ಳೆಯ ಉಪಾಯ ನಮಗೆ ಗೊತ್ತಿಲ್ಲ.

ಪ್ರಶ್ನೆ: ಸಭಾಂಗಣದಲ್ಲಿ ಹತ್ತು ಯಂತ್ರ ಇಡಬೇಕು. ಕಳೆದ ಸಲ ಎಲ್ಲವನ್ನೂ ಒಟ್ಟಿಗೆ ಹಚ್ಚಿದ ಕೂಡಲೇ ಬ್ರೇಕರ್ ಬಿತ್ತು. ಯಂತ್ರಗಳು ಅಷ್ಟೊಂದು ಕರೆಂಟ್ ಎಳೆಯುತ್ತವೆಯೇ?

ಆಡುವಾಗ ಅಷ್ಟೊಂದು ಎಳೆಯುವುದಿಲ್ಲ, ಹಚ್ಚುವ ಕ್ಷಣದಲ್ಲಿ ಎಳೆಯುತ್ತವೆ. ತಂತಿ ಬಲ್ಬುಗಳಿರುವ ಹಳೆಯ ಯಂತ್ರ ಸುಮ್ಮನೆ ಬೆಳಗುತ್ತಿರುವಾಗ ಸುಮಾರು 200ರಿಂದ 300 ವ್ಯಾಟ್ ತೆಗೆದುಕೊಳ್ಳುತ್ತದೆ. ಎಲ್‌ಇಡಿ ಇರುವ ಹೊಸದಕ್ಕೆ ಹೆಚ್ಚುಕಡಿಮೆ ಅದರ ಅರ್ಧ ಸಾಕು. ಫ್ಲಿಪ್ಪರ್ ಮುಂತಾದವನ್ನು ಎಳೆಯುವ ವಿದ್ಯುತ್ಕಾಂತಗಳು, ಅಂದರೆ ಕಾಯಿಲ್‌ಗಳು, ಹೊಡೆಯುವಾಗ ಒಂದು ಕ್ಷಣ ಅದು ಏರಿ ಇಳಿಯುತ್ತದೆ. ಆದರೆ ಒಳಗಿನ ದೊಡ್ಡ ಟ್ರಾನ್ಸ್‌ಫಾರ್ಮರ್‌ಗೆ ಮೊದಲ ಬಾರಿ ವಿದ್ಯುತ್ ಹರಿದಾಗ ಅದು ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ. ಹತ್ತು ಟ್ರಾನ್ಸ್‌ಫಾರ್ಮರ್‌ಗಳು ಒಂದೇ ಕ್ಷಣದಲ್ಲಿ ಎಳೆದದ್ದರಿಂದ ನಿಮ್ಮ ಬ್ರೇಕರ್ ಬಿತ್ತು. ಮೇನ್ ಸ್ವಿಚ್‌ನಿಂದ ಹಚ್ಚಬೇಡಿ. ಪ್ರತಿ ಯಂತ್ರದ ತಳದಲ್ಲಿರುವ ಅದರದೇ ಸ್ವಿಚ್ ಒತ್ತಿ, ಒಂದಕ್ಕೂ ಇನ್ನೊಂದಕ್ಕೂ ಐದು ಸೆಕೆಂಡ್ ಬಿಡಿ. ನಡುವೆ ಕರೆಂಟ್ ಹೋದರೆ, ಅದು ಮರಳುವ ಮೊದಲೇ ಎಲ್ಲ ಸ್ವಿಚ್ ಆರಿಸಲು ಒಬ್ಬರನ್ನು ನೇಮಿಸಿಡಿ.

ಹಂಚಿಕೆ ಹೀಗಿರಲಿ: 120 ವೋಲ್ಟ್, 15 ಆಂಪಿಯರ್ ಸರ್ಕ್ಯೂಟ್ ಒಂದಕ್ಕೆ ನಾಲ್ಕು ಯಂತ್ರ, 230 ವೋಲ್ಟ್, 16 ಆಂಪಿಯರ್ ಸರ್ಕ್ಯೂಟ್ ಒಂದಕ್ಕೆ ಆರು. ಲೆಕ್ಕ ಹಾಕಿದರೆ ಎರಡನೆಯದಕ್ಕೆ ಎಂಟರ ತನಕ ಹೋಗಬಹುದು. ಆದರೆ ಅದೇ ಸಾಲಿಗೆ ಯಾರೋ ನೀರು ಕಾಯಿಸುವ ಕೆಟಲ್ ಸಿಕ್ಕಿಸುವುದು ಕೂಟಗಳಲ್ಲಿ ತಪ್ಪದ ಕೆಲಸ. ಎಕ್ಸ್‌ಟೆನ್ಶನ್ ವೈರ್ ಮೂರು ಎಳೆಯದ್ದಾಗಿರಲಿ, ತಾಮ್ರ 1.5 ಚದರ ಮಿ.ಮೀ.ಗೆ ಕಡಿಮೆ ಬೇಡ. ಸುತ್ತಿದ ವೈರನ್ನು ಪೂರ್ತಿ ಬಿಚ್ಚಿ ಹರಡಿ, ಸುರುಳಿಯಲ್ಲೇ ಬಿಟ್ಟರೆ ಅದು ಒಳಗೊಳಗೇ ಕಾಯುತ್ತದೆ.

ಎಲ್ಲ ಸರಿಯಿದ್ದೂ ಕರೆಂಟ್ ಸೋರಿದರೆ ಸಂಪರ್ಕ ಕಡಿಯುವ ಆರ್‌ಸಿಡಿ ಮಾತ್ರ ಬೀಳುತ್ತಿದ್ದರೆ ಕಾರಣ ಬೇರೆ. ಪ್ರತಿ ಯಂತ್ರದ ಲೈನ್ ಫಿಲ್ಟರ್ ಸಣ್ಣ ಪ್ರಮಾಣದಲ್ಲಿ ಅರ್ತಿಂಗ್‌ಗೆ ಕರೆಂಟ್ ಬಿಡುತ್ತದೆ. ಒಂದರದ್ದು ಲೆಕ್ಕಕ್ಕಿಲ್ಲ, ಆದರೆ ಹತ್ತರದ್ದು ಸೇರಿದರೆ ಆರ್‌ಸಿಡಿಯ ಮಿತಿ ಮುಟ್ಟಬಹುದು. ಆಗ ಯಂತ್ರಗಳನ್ನು ಬೇರೆ ಬೇರೆ ಆರ್‌ಸಿಡಿಗಳಿಗೆ ಹಂಚಬೇಕು. ಅರ್ತ್ ಪಿನ್ ಮುರಿದು ಸಿಕ್ಕಿಸುವುದನ್ನು ಯಾರೇ ಸೂಚಿಸಿದರೂ ಒಪ್ಪಬೇಡಿ. ಪಕ್ಕದ ಪಟ್ಟಿ, ಕಾಲು, ಕಾಯಿನ್ ಡೋರ್ ಎಲ್ಲವೂ ಲೋಹ. ಅರ್ತ್ ಇಲ್ಲದ ಯಂತ್ರವನ್ನೂ ಅರ್ತ್ ಇರುವ ಯಂತ್ರವನ್ನೂ ಎರಡು ಕೈಯಲ್ಲಿ ಮುಟ್ಟಿದವರ ಎದೆಯ ಮೂಲಕವೇ ಕರೆಂಟ್ ಹಾಯುತ್ತದೆ.

ಬೇರೆ ದೇಶದಿಂದ ಬಂದ ಯಂತ್ರವಾದರೆ ಒಳಗಿನ ಚೀಟಿಯನ್ನು ಓದದೆ ಪ್ಲಗ್ ಹಾಕಬೇಡಿ. 115 ವೋಲ್ಟ್‌ಗೆ ಜೋಡಿಸಿದ್ದನ್ನು 230ಕ್ಕೆ ಹಾಕಿದರೆ ಅತಿ ವೋಲ್ಟೇಜ್ ತಡೆಯುವ ವೇರಿಸ್ಟರ್ ‘ಟಪ್’ ಎಂದು ಸಿಡಿದು ಮುಖ್ಯ ಫ್ಯೂಸ್ ಹೋಗುತ್ತದೆ. ಅಷ್ಟಕ್ಕೇ ನಿಂತರೆ ಪುಣ್ಯ.

ಪ್ರಶ್ನೆ: ಗೆಳೆಯರೊಬ್ಬರು ಕೂಟಕ್ಕೆ ತಮ್ಮ ಯಂತ್ರ ಕೊಡಲು ಒಪ್ಪಿದ್ದಾರೆ. ಸಾಗಿಸುವಾಗ ಏನೂ ಆಗದಂತೆ ಹೇಗೆ ನೋಡಿಕೊಳ್ಳಲಿ?

ಯಂತ್ರದ ತೂಕ ಸಾಮಾನ್ಯವಾಗಿ 110ರಿಂದ 135 ಕೆ.ಜಿ. ಇಬ್ಬರು ಬೇಕು, ಮೆಟ್ಟಿಲಿದ್ದರೆ ಮೂವರು. ಜೊತೆಗೆ ಪಟ್ಟಿ ಇರುವ ಕೈಗಾಡಿ, ಎರಡು ದಪ್ಪ ಕಂಬಳಿ, ಎರಡು ಬಿಗಿಪಟ್ಟಿ, 9/16 ಮತ್ತು 5/8 ಇಂಚಿನ ಸಾಕೆಟ್ ಹಾಕಿದ ರ‍್ಯಾಚೆಟ್, ಒಂದು ರಸಮಟ್ಟ.

ಮೊದಲು ಚೆಂಡುಗಳನ್ನು ತೆಗೆಯಿರಿ. ಎಲ್ಲಕ್ಕಿಂತ ಹೆಚ್ಚು ಮರೆಯುವುದು ಇದನ್ನೇ, ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದೂ ಇದೇ. ಒಂದು ಚೆಂಡು 27 ಮಿ.ಮೀ. ಅಗಲದ 80 ಗ್ರಾಂ ಉಕ್ಕು. ಯಂತ್ರವನ್ನು ನೆಟ್ಟಗೆ ನಿಲ್ಲಿಸಿದಾಗ ಅದು ತೊಟ್ಟಿಯಿಂದ ಹಾರಿ, ದಾರಿಯ ಪ್ರತಿ ಗುಂಡಿಗೂ ಒಳಗಿನ ಪ್ಲಾಸ್ಟಿಕ್‌ಗಳನ್ನು ಸುತ್ತಿಗೆಯಂತೆ ಬಡಿಯುತ್ತದೆ. ಎಣಿಸಿ ಚೀಲಕ್ಕೆ ಹಾಕಿ, ಸಂಖ್ಯೆಯನ್ನು ಚೀಲದ ಮೇಲೆ ಬರೆಯಿರಿ. ಯಂತ್ರವನ್ನು ಅತಿಯಾಗಿ ಅಲುಗಾಡಿಸಿದರೆ ಪತ್ತೆಹಚ್ಚುವ ಟಿಲ್ಟ್‌ನ ತೂಗುಗುಂಡನ್ನೂ ಬಿಚ್ಚಿ ಅದೇ ಚೀಲಕ್ಕೆ ಹಾಕಿ.

ಆಮೇಲೆ ಬ್ಯಾಕ್‌ಬಾಕ್ಸ್. 1990ರ ದಶಕದ ಮತ್ತು ಆಮೇಲಿನ ಯಂತ್ರಗಳಲ್ಲಿ ಹಿಂದಿನ ಬೀಗ ತಿರುಗಿಸಿ ಅದನ್ನು ಮುಂದಕ್ಕೆ ಮಡಚಬಹುದು. ಕೆಳಗೆ ಕಂಬಳಿ ಹಾಸಿ, ವೈರುಗಳ ಕಟ್ಟು ಕೀಲಿನಲ್ಲಿ ಸಿಕ್ಕುತ್ತಿಲ್ಲ ಎಂದು ಕೈಯಿಂದ ಮುಟ್ಟಿ ನೋಡಿ, ಮಡಚಿ, ಪಟ್ಟಿ ಬಿಗಿಯಿರಿ. ಅದಕ್ಕೂ ಹಳೆಯ ಹಲವು ಯಂತ್ರಗಳಲ್ಲಿ ತಲೆ ಮಡಚಿಕೊಳ್ಳುವುದಿಲ್ಲ, ಬೋಲ್ಟ್ ಮತ್ತು ಕನೆಕ್ಟರ್ ಬಿಚ್ಚಿ ಪೂರ್ತಿ ಇಳಿಸಬೇಕು. ಬಿಚ್ಚುವ ಮೊದಲು ಪ್ರತಿ ಕನೆಕ್ಟರ್‌ನ ಫೋಟೋ ತೆಗೆದು, ಎರಡೂ ಬದಿಗೆ ಒಂದೇ ಅಂಕಿಯ ಚೀಟಿ ಅಂಟಿಸಿ.

ಹಿಂಗಾಲುಗಳನ್ನು ಮೊದಲು ತೆಗೆಯಿರಿ. ಒಬ್ಬರು ಹಿಂಬದಿ ಎತ್ತಿ ಹಿಡಿಯಬೇಕು, ಇನ್ನೊಬ್ಬರು ಬೋಲ್ಟ್ ಬಿಚ್ಚಬೇಕು. ಹಿಂಬದಿಯನ್ನು ಕಂಬಳಿಯ ಮೇಲೆ ನೆಲಕ್ಕಿಳಿಸಿ, ಮುಂಭಾಗವನ್ನು ಮೇಲಕ್ಕೆತ್ತಿ ಯಂತ್ರವನ್ನು ಬೆನ್ನ ಮೇಲೆ ನಿಲ್ಲಿಸಿ. ಆಗ ಮುಂಗಾಲುಗಳು ಗಾಳಿಯಲ್ಲಿರುತ್ತವೆ, ಆರಾಮಾಗಿ ಬರುತ್ತವೆ. ಮರಳಿ ಜೋಡಿಸುವಾಗ ಈ ಕ್ರಮವನ್ನೇ ಹಿಂದುಮುಂದು ಮಾಡಿ. ಎಂಟೂ ಬೋಲ್ಟ್‌ಗಳನ್ನು ಮೊದಲು ಬೆರಳಿನಿಂದಲೇ ಮೂರು ನಾಲ್ಕು ಸುತ್ತು ತಿರುಗಿಸಿ, ಆಮೇಲೆ ಸಾಕೆಟ್ ಹಚ್ಚಿ. ಮೊದಲೇ ಸಾಕೆಟ್ ಹಚ್ಚಿದರೆ ಬೋಲ್ಟ್ ಓರೆಯಾಗಿ ಹೊಕ್ಕು ಒಳಗಿನ ತಟ್ಟೆಯ ಸುತ್ತುಗೆರೆ ಹಾಳಾಗುತ್ತದೆ.

ಇಳಿಜಾರು ಸರಿಮಾಡದೆ ಆಟ ಶುರುಮಾಡಬೇಡಿ. ಎಲೆಕ್ಟ್ರಾನಿಕ್ ಯಂತ್ರಗಳಿಗೆ 6.5 ಡಿಗ್ರಿ ವಾಡಿಕೆ, ಅಂದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 11.4 ಸೆಂ.ಮೀ. ಏರಿಕೆ. ರಿಲೇಗಳಿಂದ ನಡೆಯುವ ಹಳೆಯ ಎಲೆಕ್ಟ್ರೋ ಮೆಕ್ಯಾನಿಕಲ್ ಯಂತ್ರಕ್ಕೆ 3.5 ಡಿಗ್ರಿ ಸಾಕು. ಅಳೆಯುವಾಗ ರಸಮಟ್ಟವನ್ನು ಗಾಜಿನ ಮೇಲಿಡಬೇಡಿ. ಗಾಜು ಪ್ಲೇಫೀಲ್ಡ್‌ಗೆ (ಚೆಂಡು ಓಡುವ ಹಲಗೆಗೆ) ಸಮಾನಾಂತರವಾಗಿರುವುದಿಲ್ಲ. ಗಾಜು ಸರಿಸಿ ಪ್ಲೇಫೀಲ್ಡ್ ಮೇಲೇ ಇಟ್ಟು, ಅಡ್ಡಮಟ್ಟವನ್ನು ಮೇಲೆ ಒಂದು ಸಲ, ಫ್ಲಿಪ್ಪರ್ ಬಳಿ ಒಂದು ಸಲ ನೋಡಿ. ತೆಗೆದ ಗಾಜನ್ನು ಕಂಬಳಿ ಅಥವಾ ಮರದ ಮೇಲಷ್ಟೇ ನಿಲ್ಲಿಸಿ. ಅದು ಹದ ಮಾಡಿದ ಗಾಜು. ನಡುವೆ ಗುದ್ದಿದರೂ ತಡೆಯುವ ಆ ಗಾಜು, ಮೂಲೆ ಕಲ್ಲಿನ ನೆಲಕ್ಕೆ ತಾಗಿದರೆ ಒಂದೇ ಸಲಕ್ಕೆ ಪುಡಿಯಾಗುತ್ತದೆ.

ಇನ್ನು ಮಾಲೀಕರ ಭಯ. ಅದು ಸಹಜವಾದದ್ದೇ. ಹೊರಡುವ ಮೊದಲು ಇಬ್ಬರೂ ಸೇರಿ ನಾಲ್ಕು ಬದಿ, ಪ್ಲೇಫೀಲ್ಡ್, ಬ್ಯಾಕ್‌ಗ್ಲಾಸ್ (ಬ್ಯಾಕ್‌ಬಾಕ್ಸ್‌ನ ಚಿತ್ರದ ಗಾಜು) ಫೋಟೋ ತೆಗೆಯಿರಿ. ಮೊದಲೇ ಇರುವ ದೋಷಗಳನ್ನು ಬರೆದುಕೊಳ್ಳಿ. ಕೀಲಿ ಯಾರ ಬಳಿ ಇರಬೇಕು, ಯಾರು ಒಳಗೆ ಕೈಹಾಕಬಹುದು, ಕೂಟದಲ್ಲಿ ಹೋದ ಕಾಯಿಲ್, ರಬ್ಬರ್, ಫ್ಯೂಸ್‌ಗೆ ಯಾರು ಹೊಣೆ ಎಂಬ ಮೂರು ಸಾಲು ಬರೆದು ಇಬ್ಬರೂ ಇಟ್ಟುಕೊಳ್ಳಿ. ಆ ಖರ್ಚು ಗುಂಪಿನದ್ದಾಗಿರಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ. ಯಂತ್ರ ಕೊಟ್ಟವರೇ ರಿಪೇರಿಯನ್ನೂ ಹೊರಬೇಕಾದ ಕಡೆ ಎರಡನೆಯ ಸಲ ಯಾರೂ ಯಂತ್ರ ಕೊಡುವುದಿಲ್ಲ.

ಪ್ರಶ್ನೆ: ಬಂದವರಲ್ಲಿ ಒಬ್ಬರು ಟೂರ್ನಮೆಂಟ್ ಬೇಕೆನ್ನುತ್ತಾರೆ, ಹೊಸಬರು ಆ ಮಾತು ಕೇಳಿದರೇ ಹೆದರುತ್ತಾರೆ. ಇಬ್ಬರಿಗೂ ಒಗ್ಗುವ ಮಾದರಿ ಇದೆಯೇ?

ಇದೆ. ಯಾರನ್ನೂ ಹೊರಹಾಕದ ಗುಂಪು ಆಟ. ನಾಲ್ವರ ಗುಂಪಿನಲ್ಲಿ ಮೊದಲಿಗರಿಗೆ 7, ಎರಡನೆಯವರಿಗೆ 5, ಮೂರನೆಯವರಿಗೆ 3, ಕೊನೆಯವರಿಗೆ 1 ಅಂಕ. ಗುಂಪು ಮೂವರದ್ದಾದರೆ 7, 4, 1. ಎರಡರಲ್ಲೂ ಸರಾಸರಿ ತಲಾ 4 ಬರುತ್ತದೆ, ಹಾಗಾಗಿ ಜನ ಸಮನಾಗಿ ಹಂಚದಿದ್ದರೂ ಅನ್ಯಾಯವಿಲ್ಲ. ಹದಿನಾರು ಜನ, ನಾಲ್ಕು ಯಂತ್ರ, ಐದು ಸುತ್ತು ಎಂದರೆ ಎರಡರಿಂದ ಎರಡೂವರೆ ಗಂಟೆ. ಅತಿ ಹೆಚ್ಚು 35 ಅಂಕ, ಅತಿ ಕಡಿಮೆ 5. ಮೊದಲ ಸುತ್ತು ಚೀಟಿಯಿಂದ, ಆಮೇಲಿನ ಸುತ್ತುಗಳಲ್ಲಿ ಸಮ ಅಂಕದವರನ್ನು ಒಂದು ಗುಂಪಿಗೆ ಹಾಕಿ. ಆಗ ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ಹೊಸಬರು ಹೊಸಬರೊಡನೆ ಆಡುತ್ತಿರುತ್ತಾರೆ, ಅಲ್ಲೂ ಒಬ್ಬರಿಗೆ 7 ಸಿಗುತ್ತದೆ.

ಮೂರು ಸೋಲಿಗೆ ಹೊರಗೆ ಎಂಬ ಸ್ಟ್ರೈಕ್ ಮಾದರಿ ಪಳಗಿದವರ ನಡುವೆ ರೋಚಕ. ಸ್ನೇಹಕೂಟಕ್ಕೆ ಅದು ಬೇಡ. ಅರ್ಧ ಗಂಟೆಯ ಪ್ರಯಾಣ ಮಾಡಿ ಬಂದವರು ಒಂದು ಗಂಟೆಯೊಳಗೆ ಸೋತು ಮನೆಗೆ ಹೊರಡುತ್ತಾರೆ, ಕೊನೆಗೆ ಉಳಿಯುವವರು ಪ್ರತಿ ಸಲವೂ ಅದೇ ನಾಲ್ಕು ಜನ.

ತಕರಾರು ಬರುವ ಜಾಗಗಳು ಯಾವಾಗಲೂ ಅವೇ, ಹಾಗಾಗಿ ಆರಂಭದಲ್ಲೇ ಗಟ್ಟಿಯಾಗಿ ಓದಿಬಿಡಿ. ಚೆಂಡು ಎಲ್ಲಾದರೂ ಸಿಕ್ಕಿಕೊಂಡರೆ ಯಂತ್ರ ತಾನೇ ಕಾಯಿಲ್‌ಗಳನ್ನು ಹೊಡೆದು ಹುಡುಕುವವರೆಗೆ ಕಾಯುವುದು, ಆಗಲೂ ಬಿಡದಿದ್ದರೆ ಮೇಲ್ವಿಚಾರಕರನ್ನು ಕರೆಯುವುದು. ಅಲುಗಾಡಿಸಿ ಟಿಲ್ಟ್ ಆದರೆ ಆ ಚೆಂಡು ಹೋದಂತೆಯೇ. ಬೇರೆಯವರ ಸರದಿಯಲ್ಲಿ ಆಡಿದರೆ ದೊಡ್ಡ ಸ್ಪರ್ಧೆಗಳಲ್ಲಿ ಹಾಗೆ ಆಡಿದವರು ಆ ಆಟದಿಂದಲೇ ಹೊರಗೆ. ಸ್ನೇಹಕೂಟದಲ್ಲಿ ಗೊತ್ತಾದ ಕ್ಷಣವೇ ಚೆಂಡನ್ನು ಫ್ಲಿಪ್ಪರ್ ಮೇಲೆ ನಿಲ್ಲಿಸಿ ಸರದಿಯವರಿಗೆ ಬಿಟ್ಟುಕೊಟ್ಟರೆ ಸಾಕು. ಯಂತ್ರದ ತಪ್ಪಿನಿಂದಲೇ ಚೆಂಡು ಹೋಯಿತು ಎಂದಾದರೆ ಆಟದ ಕೊನೆಯಲ್ಲಿ ಹೊಸ ಆಟ ಹಚ್ಚಿ ಒಂದು ಚೆಂಡು ಕೊಟ್ಟು, ಬಂದ ಅಂಕಗಳನ್ನು ಕೂಡಿಸಿ. ತೀರ್ಪು ಕೊಡುವವರು ಇಬ್ಬರಿರಲಿ. ತಾವೇ ಆಡುತ್ತಿರುವ ಗುಂಪಿಗೆ ಯಾರೂ ತೀರ್ಪು ಕೊಡಬಾರದು.

ಇಂಟರ್‌ನ್ಯಾಷನಲ್ ಫ್ಲಿಪ್ಪರ್ ಪಿನ್‌ಬಾಲ್ ಅಸೋಸಿಯೇಷನ್ ವಿಶ್ವ ರ‍್ಯಾಂಕಿಂಗ್ ನಡೆಸುತ್ತದೆ. ಆ ಅಂಕ ಬೇಕೆನ್ನುವವರಿಗಾಗಿ ನಿಮ್ಮ ಸ್ಪರ್ಧೆಯನ್ನು ಸಾಕಷ್ಟು ಮುಂಚೆ ಅವರ ಪಟ್ಟಿಗೆ ಸೇರಿಸಬೇಕು. ಆದರೆ ಗುಂಪು ಕಟ್ಟಿಕೊಳ್ಳುತ್ತಿರುವ ಮೊದಲ ಕೆಲವು ತಿಂಗಳು ಅದರ ಗೋಜಿಗೆ ಹೋಗದಿದ್ದರೇ ಒಳ್ಳೆಯದು.

ಪ್ರಶ್ನೆ: ಸಾರ್ವಜನಿಕ ಜಾಗದಲ್ಲಿ ಕೂಟ ಮಾಡಲು ಅನುಮತಿ ಬೇಕೇ?

ಊರಿನಿಂದ ಊರಿಗೆ ನಿಯಮ ಬೇರೆ, ಸ್ಥಳೀಯ ಆಡಳಿತವನ್ನು ಕೇಳಿಯೇ ಮುಂದುವರಿಯಿರಿ. ಪಿನ್‌ಬಾಲನ್ನು ಜೂಜಿನ ಸಾಲಿಗೆ ಸೇರಿಸಿದ್ದ ಕಾಲವೊಂದಿತ್ತು. ನ್ಯೂಯಾರ್ಕ್ ನಗರದಲ್ಲಿ 1942ರಲ್ಲಿ ಹೇರಿದ ನಿಷೇಧ ತೆರವಾದದ್ದು 1976ರಲ್ಲಿ. ಪಿನ್‌ಬಾಲ್ ಆಟಗಾರ ರೋಜರ್ ಶಾರ್ಪ್ ಅಲ್ಲಿನ ನಗರ ಮಂಡಳಿಯವರ ಮುಂದೆ ಆಡಿ, ಇದು ಕೈಚಳಕದ ಆಟ ಎಂದು ತೋರಿಸಿಕೊಟ್ಟ ಮೇಲೆ. ಎಷ್ಟು ಯಂತ್ರ ಇಡಬಹುದು, ನಾಣ್ಯ ಹಾಕಿ ಆಡಿಸಬಹುದೇ, ಬಹುಮಾನವಾಗಿ ಹಣ ಕೊಡಬಹುದೇ ಎಂಬ ಮೂರನ್ನೂ ಬಿಡಿಬಿಡಿಯಾಗಿ ಕೇಳಿ. ಫ್ರೀ ಪ್ಲೇ ಇಟ್ಟು, ಬಹುಮಾನಕ್ಕೆ ಒಂದು ಫಲಕ ಕೊಟ್ಟರೆ ತೊಡಕು ಬಹಳ ಕಡಿಮೆ.

ಪ್ರಶ್ನೆ: ಕೂಟದ ನಡುವೆ ಯಂತ್ರ ಕೆಟ್ಟರೆ ಏನು ಮಾಡಬೇಕು? ಯಾವ ಸಾಮಾನು ಕೈಯಲ್ಲಿರಬೇಕು?

ಹತ್ತು ನಿಮಿಷದ ಮಿತಿ ಹಾಕಿಕೊಳ್ಳಿ. ಅಷ್ಟರಲ್ಲಿ ಸರಿಹೋಗದಿದ್ದರೆ ಆರಿಸಿ, ‘ಇಂದು ವಿಶ್ರಾಂತಿ’ ಎಂದು ಬರೆದು ಅಂಟಿಸಿ, ಗುಂಪುಗಳನ್ನು ಉಳಿದವಕ್ಕೆ ಹಂಚಿ. ರಿಪೇರಿ ಬಲ್ಲ ಒಬ್ಬರೇ ಒಬ್ಬರು ಇಡೀ ಸಂಜೆ ಯಂತ್ರದೊಳಗೆ ತಲೆ ಹುದುಗಿಸಿಕೊಂಡಿದ್ದರೆ ಅದು ಅವರ ಪಾಲಿಗೆ ಕೂಟವಲ್ಲ, ಡ್ಯೂಟಿ.

ಸಾಮಾನು ಪೆಟ್ಟಿಗೆ ಇಷ್ಟಿರಲಿ: ಕಾಲು ಇಂಚು, 5/16 ಮತ್ತು 11/32 ಇಂಚಿನ ನಟ್ ಡ್ರೈವರ್, ಫಿಲಿಪ್ಸ್ ಸ್ಕ್ರೂಡ್ರೈವರ್, ಅಲೆನ್ ಕೀ ಜೊತೆ, ಚಿಮಟ, ಮಲ್ಟಿಮೀಟರ್, ಸಾಲ್ಡರಿಂಗ್ ಕಡ್ಡಿ, ತಲೆಗೆ ಕಟ್ಟುವ ಟಾರ್ಚ್, ಅಯಸ್ಕಾಂತದ ಕಡ್ಡಿ, ಬಂದಿರುವ ಪ್ರತಿ ಯಂತ್ರಕ್ಕೂ ಹೊಂದುವ ಫ್ಯೂಸ್ ತಲಾ ಎರಡು, ಫ್ಲಿಪ್ಪರ್ ರಬ್ಬರ್ ನಾಲ್ಕು, ಹೊಸ ಚೆಂಡು ಆರು, ಕಾಟನ್ ಬಡ್ಸ್, ಮೆತ್ತನೆಯ ಬಟ್ಟೆ.

ಮೊದಲು ನೋಡಬೇಕಾದದ್ದು ಸರಳ ಸಂಗತಿಗಳನ್ನು. ಬಾಗಿಲು ತೆರೆದು ಫ್ಲಿಪ್ಪರ್ ಒತ್ತಿದರೆ ಏನೂ ಆಗುತ್ತಿಲ್ಲವೇ? ಅನೇಕ ಯಂತ್ರಗಳಲ್ಲಿ ಕಾಯಿನ್ ಡೋರ್ ತೆರೆದ ಕೂಡಲೇ ಕಾಯಿಲ್‌ಗಳ ಹೆಚ್ಚಿನ ವೋಲ್ಟೇಜ್ ಕಡಿದುಹೋಗುವ ಸುರಕ್ಷತಾ ಸ್ವಿಚ್ ಇದೆ. ಬಾಗಿಲು ಮುಚ್ಚಿ ಮತ್ತೆ ನೋಡಿ. ಬೆಳಕಿನ ಕಿರಣದಿಂದ ಚೆಂಡನ್ನು ಗುರುತಿಸುವ ಆಪ್ಟೋಗಳಿಗೆ ಧೂಳು ಕವಿದರೆ ಯಂತ್ರಕ್ಕೆ ಚೆಂಡಿನ ಎಣಿಕೆ ತಪ್ಪುತ್ತದೆ, ಬಡ್ಸ್‌ನಿಂದ ಒರೆಸಿದರೆ ಮುಗಿಯಿತು. ಒಂದಕ್ಕೊಂದು ಅಂಟಿಕೊಳ್ಳುವ ಚೆಂಡುಗಳು ಕಂಡರೆ ಅವು ಕಾಂತೀಯವಾಗಿವೆ ಎಂದರ್ಥ. ತೊಳೆದರೆ ಅದು ಹೋಗದು, ಚೆಂಡು ಬದಲಿಸಿ.

ಫ್ಲಿಪ್ಪರ್ ಸೋತಂತೆ ಕಂಡರೆ, ಹಲಗೆಯ ಕೆಳಗೆ ಅದನ್ನು ತಿರುಗಿಸುವ ಕ್ರ್ಯಾಂಕ್‌ನ ಅಲೆನ್ ಬೋಲ್ಟ್ ಸಡಿಲವಾಗಿದೆಯೇ ನೋಡಿ, ಕಾಯಿಲ್‌ ಒಳಗೆ ಓಡುವ ಲೋಹದ ಕಡ್ಡಿ, ಅಂದರೆ ಪ್ಲಂಜರ್‌ನ ತುದಿ, ಅಣಬೆಯಂತೆ ಅಗಲವಾಗಿ ಕಾಯಿಲ್‌ನ ಕೊಳವೆಯೊಳಗೆ ಉಜ್ಜುತ್ತಿದೆಯೇ ನೋಡಿ. ಬಿಗಿಯುವಾಗ ಪ್ಲಾಸ್ಟಿಕ್ ಬುಶ್‌ಗೂ ಕ್ರ್ಯಾಂಕ್‌ಗೂ ನಡುವೆ ತುಸು ಸಂದು ಉಳಿಸಿ. ಪೂರ್ತಿ ಒತ್ತಿ ಬಿಗಿದರೆ ಫ್ಲಿಪ್ಪರ್ ಕೆಳಗಿಳಿಯದೆ ಅಂಟಿಕೊಳ್ಳುತ್ತದೆ.

ಫ್ಯೂಸ್ ಹೋದರೆ ಅದೇ ಆಂಪಿಯರ್, ಅದೇ ಬಗೆಯದನ್ನೇ ಹಾಕಿ. ಮತ್ತೆ ಹೋಯಿತೋ, ಎಲ್ಲೋ ಶಾರ್ಟ್ ಇದೆ, ಆ ದಿನಕ್ಕೆ ಆ ಯಂತ್ರ ಮುಗಿಯಿತು. ಸುಟ್ಟ ವಾಸನೆ ಬಂದರೆ ಅಥವಾ ಒಂದು ಕಾಯಿಲ್ ಒತ್ತಿಕೊಂಡೇ ಗುಂಯ್‌ಗುಡುತ್ತಿದ್ದರೆ ಯಾರನ್ನೂ ಕೇಳದೆ ತಕ್ಷಣ ಆರಿಸಿ. ಕಾಯಿಲ್‌ಗೆ ಕರೆಂಟ್ ಬಿಟ್ಟು ನಿಲ್ಲಿಸುವ ಡ್ರೈವರ್ ಟ್ರಾನ್ಸಿಸ್ಟರ್ ಶಾರ್ಟ್ ಆದಾಗ ಹೀಗಾಗುತ್ತದೆ. ಕಾಯಿಲ್ ಸುಟ್ಟು ಕರಗಲು ಹೆಚ್ಚು ಹೊತ್ತು ಬೇಡ. ಇದನ್ನು ಬಂದವರೆಲ್ಲರಿಗೂ ಮೊದಲೇ ಹೇಳಿಕೊಡಿ, ಸ್ವಿಚ್ ಎಲ್ಲಿದೆ ಎಂದು ತೋರಿಸಿಯೂ ಕೊಡಿ.

ಪ್ರಶ್ನೆ: ಮಕ್ಕಳು, ವಯಸ್ಸಾದವರು, ಗಾಲಿಕುರ್ಚಿಯವರು ಬರುತ್ತಾರೆ. ಅವರಿಗೆ ಏನು ಏರ್ಪಾಟು?

ಮಕ್ಕಳಿಗೆ 15ರಿಂದ 20 ಸೆಂ.ಮೀ. ಎತ್ತರದ, ಯಂತ್ರದಷ್ಟೇ ಅಗಲದ ಮಣೆ ಇಡಿ. ಕಿರಿದಾದ ಸ್ಟೂಲ್ ಬೇಡ. ಆಟದ ಭರದಲ್ಲಿ ಪಕ್ಕಕ್ಕೆ ಹೆಜ್ಜೆಯಿಟ್ಟು ಬೀಳುತ್ತಾರೆ. ಗಾಲಿಕುರ್ಚಿಯವರಿಗಾಗಿ ಗೋಡೆಯ ಕೊನೆಯ ಯಂತ್ರವನ್ನು ಮೀಸಲಿಡಿ, ಒಂದು ಬದಿಯಿಂದಾದರೂ ಸಲೀಸಾಗಿ ಬರಲು ಆಗಬೇಕು. ಅವರು ಕೂತಲ್ಲಿಂದ ಎರಡೂ ಬಟನ್‌ಗೆ ಕೈ ಎಟುಕುತ್ತದೆಯೇ, ಪ್ಲೇಫೀಲ್ಡ್‌ನ ಮೇಲ್ತುದಿ ಕಾಣುತ್ತದೆಯೇ ಎಂದು ಅವರನ್ನೇ ಕೇಳಿ. ಕಾಲಿನ ತುದಿಯ ಲೆವೆಲರ್ ತಿರುಗಿಸಿ ತಗ್ಗಿಸುವುದಾದರೆ ನಾಲ್ಕೂ ಕಾಲನ್ನು ಸಮನಾಗಿ ತಗ್ಗಿಸಿ, ಮುಂದಿನವೆರಡನ್ನಷ್ಟೇ ಇಳಿಸಿದರೆ ಇಳಿಜಾರು ಕಡಿದಾಗಿ ಚೆಂಡು ಅವರಿಗೇ ಕಷ್ಟ ಕೊಡುತ್ತದೆ. ಝಗ್ಗನೆ ಮಿನುಗುವ ದೀಪಗಳು ಕೆಲವರಿಗೆ ಅಪಸ್ಮಾರ ತರಬಲ್ಲವು, ಆಹ್ವಾನದಲ್ಲೇ ಆ ಸಾಲು ಬರೆಯಿರಿ. ಹತ್ತು ಯಂತ್ರಗಳ ಸದ್ದು ಸೇರಿದಾಗ ಮಾತೇ ಕೇಳಿಸುವುದಿಲ್ಲ. ಪಕ್ಕದವರು ಮಾಮೂಲಿ ದನಿಯಲ್ಲಿ ಮಾತಾಡಿದರೆ ಕೇಳುವಷ್ಟಕ್ಕೆ ಎಲ್ಲವನ್ನೂ ಇಳಿಸಿ.

ಹೆಂಗಸರು ಒಂದೇ ಸಲ ಬಂದು ಮತ್ತೆ ಬರುತ್ತಿಲ್ಲ ಎಂದು ಇಬ್ಬರು ಓದುಗರು ಬರೆದಿದ್ದಾರೆ. ಕೇಳದೆ ಕೊಡುವ ಸಲಹೆ ಇದಕ್ಕೆ ಮುಖ್ಯ ಕಾರಣಗಳಲ್ಲೊಂದು. ಆಡುತ್ತಿರುವವರ ಹೆಗಲ ಮೇಲಿಂದ ಬಗ್ಗಿ ‘ಎಡಕ್ಕೆ ಹೊಡಿ’ ಎನ್ನುವುದನ್ನು ಕೂಟದ ನಿಯಮದಲ್ಲೇ ನಿಲ್ಲಿಸಿ. ಕೇಳಿದರೆ ಹೇಳಿ, ಅದೂ ಚೆಂಡು ಮುಗಿದ ಮೇಲೆ. 2013ರಲ್ಲಿ ಅಮೆರಿಕದ ಓಕ್ಲೆಂಡ್‌ನಲ್ಲಿ ಶುರುವಾದ ಬೆಲ್ಸ್ ಆ್ಯಂಡ್ ಚೈಮ್ಸ್ ಎಂಬ ಮಹಿಳಾ ಲೀಗ್ ಬೇರೆ ಬೇರೆ ಊರುಗಳಿಗೆ ಹರಡಿದೆ. ಮಹಿಳೆಯರದ್ದೇ ಒಂದು ಸಂಜೆ ಇಡುವುದು ನಿಮ್ಮಲ್ಲೂ ಆಗಬಹುದು, ಆದರೆ ಅದನ್ನು ನಡೆಸುವವರೂ ಅವರೇ ಆಗಿರಲಿ.

ಪ್ರಶ್ನೆ: ಎರಡು ವರ್ಷದಿಂದ ನಮ್ಮ ಗುಂಪಿನ ಎಲ್ಲ ಕೆಲಸವೂ ಇಬ್ಬರ ತಲೆಯ ಮೇಲೆಯೇ ಇದೆ. ಸುಸ್ತಾಗಿದೆ. ಬಿಡಲೂ ಮನಸ್ಸಿಲ್ಲ. ಏನು ಮಾಡೋಣ?

ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ದನಿಯವು. ‘ಯಾರಾದರೂ ಸಹಾಯ ಮಾಡಿ’ ಎಂದರೆ ಯಾರೂ ಬರುವುದಿಲ್ಲ. ಯಾವ ಕೆಲಸ, ಎಷ್ಟು ಹೊತ್ತು ಎಂದು ಹೇಳಿ ಕೇಳಿದರೆ ಬರುತ್ತಾರೆ. ಕೆಲಸವನ್ನು ಐದಾಗಿ ಒಡೆಯಿರಿ: ಬಾಗಿಲಲ್ಲಿ ನಿಂತು ಹೊಸಬರನ್ನು ಒಂದು ಗುಂಪಿಗೆ ಸೇರಿಸುವವರು, ಅಂಕ ಬರೆಯುವವರು, ಯಂತ್ರ ನೋಡಿಕೊಳ್ಳುವವರು, ಜೋಡಿಸಿ ಬಿಚ್ಚುವ ಕೆಲಸದ ಮುಂದಾಳು, ಹಣದ ಪುಸ್ತಕ ಹಿಡಿಯುವವರು. ಒಂದೊಂದಕ್ಕೂ ಅರ್ಧ ಪುಟದ ಟಿಪ್ಪಣಿ ಬರೆದಿಡಿ. ಯಾರೇ ಆಗಲಿ ಒಂದೇ ಕೆಲಸದಲ್ಲಿ ಮೂರು ಕೂಟಕ್ಕಿಂತ ಹೆಚ್ಚು ಇರಬಾರದು. ಹೊಸಬರು ತಪ್ಪು ಮಾಡುತ್ತಾರೆ. ಅಂಕ ತಪ್ಪಿದರೆ ತಿದ್ದಬಹುದು, ಆದರೆ ನೀವಿಬ್ಬರೂ ಕೈಚೆಲ್ಲಿದರೆ ಗುಂಪೇ ಇರುವುದಿಲ್ಲ. ದಿನಾಂಕವನ್ನು ಪ್ರತಿ ಸಲ ಚರ್ಚಿಸಬೇಡಿ. ತಿಂಗಳ ಎರಡನೆಯ ಶನಿವಾರ ಎಂದಾದರೆ ಅದೇ. ಅರ್ಧ ಕೆಲಸ ಅಲ್ಲೇ ಉಳಿಯುತ್ತದೆ.

ಎಲ್ಲಕ್ಕಿಂತ ಫಲ ಕೊಡುವುದು ಯಂತ್ರ ಶುಚಿಗೊಳಿಸುವ ದಿನ. ಯಂತ್ರ ಕೊಡುವ ಒಬ್ಬರ ಮನೆಗೆ ನಾಲ್ವರು ಹೋಗಿ, ಮೂರು ಗಂಟೆಯಲ್ಲಿ ಒಂದೇ ಒಂದು ಯಂತ್ರವನ್ನು ಸರಿಮಾಡಿ ಬರುವುದು. ಆಡಲು ಬಂದವರು ಅತಿಥಿಗಳಾಗಿಯೇ ಉಳಿಯುತ್ತಾರೆ. ಜೊತೆಗೆ ಕೂತು ರಬ್ಬರ್ ಬದಲಿಸಿದವರು ಗುಂಪಿನವರಾಗುತ್ತಾರೆ. ರಿಪೇರಿ ಬಲ್ಲವರ ಸಂಖ್ಯೆ ಒಂದರಿಂದ ಐದಾಗುವುದೂ ಹೀಗೆಯೇ.

ಕ್ರಮ ಇದು. ಪ್ಲಗ್ ಕಿತ್ತು, ಗಾಜು ತೆಗೆದು, ಚೆಂಡು ಎಣಿಸಿ ತೆಗೆಯಿರಿ. ಏನನ್ನೂ ಬಿಚ್ಚುವ ಮೊದಲು ಪ್ಲೇಫೀಲ್ಡ್‌ನ ಪ್ರತಿ ಮೂಲೆಯ ಫೋಟೋ. ಒಬ್ಬರು ಬಿಚ್ಚಲಿ, ಇನ್ನೊಬ್ಬರು ಸ್ಕ್ರೂಗಳನ್ನು ಖಾನೆಗಳಿರುವ ಡಬ್ಬಿಗೆ ಹಾಕಿ ಎಲ್ಲಿಯದು ಎಂದು ಬರೆಯಲಿ. ಮೂರನೆಯವರು ಹಳೆಯ ರಬ್ಬರ್ ಕತ್ತರಿಸಿ ತೆಗೆದು ಕಂಬಗಳನ್ನು ಒರೆಸಲಿ. ನಾಲ್ಕನೆಯವರು ಚೆಂಡು ಓಡುವ ಜಾಗದ ಕಪ್ಪು ಗೆರೆಗಳನ್ನು ಬಟ್ಟೆಗೆ ತುಸು ನಾಫ್ತಾ ಹಚ್ಚಿ ತೆಗೆಯಲಿ. ನಾಫ್ತಾ ಹೊತ್ತಿಕೊಳ್ಳುವ ವಸ್ತು, ಕಿಟಕಿ ತೆರೆದಿರಲಿ, ಆವಿ ಪೂರ್ತಿ ಹೋಗುವವರೆಗೆ ಯಂತ್ರ ಹಚ್ಚಬಾರದು. ಆಮೇಲೆ ಕಾರ್ನೌಬಾ ಮೇಣವನ್ನು ತೆಳ್ಳಗೆ ಸವರಿ, ಒಣಗಿದ ಮೇಲೆ ಉಜ್ಜಿ. ಸಿಂಪಡಿಸುವ ಎಣ್ಣೆಗಳನ್ನು ಯಂತ್ರದ ಹತ್ತಿರಕ್ಕೂ ತರಬೇಡಿ. ಅವು ಧೂಳು ಹಿಡಿದು ಅಂಟಾಗುತ್ತವೆ, ಪ್ಲಂಜರ್‌ಗಳು ಎಣ್ಣೆಯಿಲ್ಲದೆ ಓಡುವಂತೆಯೇ ಮಾಡಿದವು.

ಹೊಸ ರಬ್ಬರ್ ರಿಂಗ್‌ಗಳನ್ನು ಕೈಪಿಡಿಯ ಅಳತೆಯಂತೆಯೇ ಹಾಕಿ. ಫ್ಲಿಪ್ಪರ್‌ಗಳ ಮೇಲೆ ಚೆಂಡನ್ನು ಪಕ್ಕಕ್ಕೆ ಒದೆಯುವ ಸ್ಲಿಂಗ್‌ಶಾಟ್‌ನ ಬಳಿ ರಬ್ಬರ್ ಅತಿ ಬಿಗಿಯಾದರೆ ಹಿಂದಿನ ಎಲೆ ಸ್ವಿಚ್‌ಗಳು ಒತ್ತಿಕೊಂಡು, ಹಚ್ಚಿದ ಕೂಡಲೇ ಕಾಯಿಲ್ ಬಿಡದೆ ಬಡಿಯತೊಡಗುತ್ತದೆ. ಆ ಸ್ವಿಚ್ ತುದಿಗಳ ನಡುವೆ ಒಂದು, ಒಂದೂವರೆ ಮಿ.ಮೀ. ಅಂತರ ಇರಬೇಕು. ಗೀಚು ಬಿದ್ದ ಹಳೆಯ ಚೆಂಡುಗಳನ್ನು ಮರಳಿ ಹಾಕಬೇಡಿ, ಮರಳುಕಾಗದದಂತೆ ಅವು ನಿಮ್ಮ ಇಡೀ ದಿನದ ಕೆಲಸವನ್ನು ಉಜ್ಜಿಹಾಕುತ್ತವೆ. 1990ರ ದಶಕದ ಯಂತ್ರವಾದರೆ ಬ್ಯಾಕ್‌ಬಾಕ್ಸ್ ತೆರೆದು ಬೋರ್ಡ್ ಮೇಲಿನ ಮೂರು ಎಎ ಬ್ಯಾಟರಿಗಳನ್ನು ನೋಡಿ. ಸೋರಿದ ಬ್ಯಾಟರಿಯ ರಸ ಬೋರ್ಡನ್ನೇ ತಿನ್ನುತ್ತದೆ, ಸತ್ತ ಬ್ಯಾಟರಿಯಾದರೆ ಫ್ರೀ ಪ್ಲೇ ಸೇರಿ ಎಲ್ಲ ಸೆಟ್ಟಿಂಗ್ ಅಳಿದು ಕೂಟದ ದಿನ ಯಂತ್ರ ನಾಣ್ಯ ಕೇಳುತ್ತದೆ.

ಹಣದ ಮಾತು: ಕೂಟಕ್ಕೆ ಬಂದವರು ಇಷ್ಟವಾದಷ್ಟು ಹಾಕುವ ಪೆಟ್ಟಿಗೆ ಸಾಕು. ಅದರಿಂದ ಚೆಂಡು, ರಬ್ಬರ್, ಫ್ಯೂಸ್, ಮೇಣ ಕೊಂಡು, ಪ್ರತಿ ಸಲ ಎಷ್ಟು ಬಂತು, ಎಷ್ಟು ಹೋಯಿತು ಎಂದು ಗೋಡೆಗೆ ಅಂಟಿಸಿ. ಪ್ರತಿ ಯಂತ್ರಕ್ಕೂ ಒಂದು ನೋಟ್‌ಬುಕ್ ಕಾಯಿನ್ ಡೋರ್ ಒಳಗೇ ಇರಲಿ. ಯಾವ ದಿನ ಏನು ಕೆಟ್ಟಿತು, ಯಾರು ಏನು ಹಾಕಿದರು, ಇನ್ನೂ ಏನು ಬಾಕಿ ಎಂದು ಅದರಲ್ಲಿ ಬರೆಯಿರಿ. ಯಂತ್ರ ಮನೆಗೆ ಮರಳುವಾಗ ಮಾಲೀಕರು ಆ ಪುಸ್ತಕ ಓದಿ, ಚೆಂಡುಗಳನ್ನು ಎಣಿಸಿಕೊಂಡು, ಕೀಲಿ ಪಡೆಯಲಿ.